ಹಿಂದಿನ ಸೀಟಿನ ಭಾರ

"ಎತ್ತಬೇಡ್ರೀ, ತಳ್ಳಿ! ಹ್ಯಾಂಡಲ್ ಆ ಕಡೆಗೆ ತಿರುಗಿಸಿ, ಆ ಕಡೆಗೆ!" ಮೈದುನ ಕೂಗುತ್ತಿದ್ದ.

ಒಳಗಿನ ಕೋಣೆಯಲ್ಲಿ ಅವನ ಅಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬಾಗಿಲಿಂದ ಗೇಟಿನವರೆಗಿನ ಇಕ್ಕಟ್ಟಾದ ಓಣಿಯಲ್ಲಿ ಅಣ್ಣನ ಬೈಕು ಅಡ್ಡ ನಿಂತಿತ್ತು. ಬೈಕು ಹೊರಗೆ ಹೋಗದೆ ಅಣ್ಣ ಹೊರಗೆ ಹೋಗುವಂತಿರಲಿಲ್ಲ. ಮೂವರು ಗಂಡಸರು ಸೇರಿ ಅದನ್ನು ಮೂರು ದಿಕ್ಕಿಗೆ ಎಳೆಯುತ್ತಿದ್ದರು. ಸೈಲೆನ್ಸರು ಗೋಡೆಗೆ ಉಜ್ಜಿ ಸುಣ್ಣ ಉದುರುತ್ತಿತ್ತು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಸತ್ತವನ ಹೆಂಡತಿಗೆ, ಛೇ, ಇವರು ನೋಡಿದ್ದರೆ ಎಷ್ಟು ಬೈಯುತ್ತಿದ್ದರೋ ಅನ್ನಿಸಿತು. ಇವರು ಇನ್ನು ಯಾರನ್ನೂ ಬೈಯುವುದಿಲ್ಲ ಎನ್ನುವುದು ಆಮೇಲೆ ನೆನಪಾಗಿ ಮತ್ತೆ ಕಣ್ಣು ತುಂಬಿಕೊಂಡಿತು.

ಊರಿಗೆಲ್ಲ ಅವನು ಮೀಟರಣ್ಣ. ಮನೆಮನೆಗೆ ಹೋಗಿ ನೀರಿನ ಮೀಟರು ಓದುವುದು ಅವನ ಕೆಲಸ. ನಿನ್ನೆ ಮಧ್ಯಾಹ್ನ ಯಾರದೋ ಮನೆಯ ಅಂಗಳದಲ್ಲಿ ಮೀಟರಿನ ಮುಚ್ಚಳ ಎತ್ತಿ ಬಗ್ಗಿದವನು ಮತ್ತೆ ಏಳಲೇ ಇಲ್ಲ. ಆ ಮನೆಯವರು, ಪಾಪ, ಮೀಟರಿನಲ್ಲೇನೋ ದೊಡ್ಡ ಎಡವಟ್ಟು ಕಂಡಿರಬೇಕು, ಅದಕ್ಕೇ ಇಷ್ಟು ಹೊತ್ತು ನೋಡುತ್ತಿದ್ದಾರೆ ಎಂದು ಹೆದರಿ ಒಳಗೇ ಕೂತಿದ್ದರಂತೆ.

ಕೊನೆಗೆ ಮೈದುನ ಉಳಿದಿಬ್ಬರನ್ನೂ ಪಕ್ಕಕ್ಕೆ ಸರಿಸಿ ತಾನೇ ಬೈಕಿನ ಮೇಲೆ ಕೂತ. ಬಸ್ಸು ಓಡಿಸುವ ಮನುಷ್ಯ, ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುವುದು ಅವನಿಗೆ ಹೊಸದಲ್ಲ. ಕಾಲಿಂದ ನೆಲ ಒದೆಯುತ್ತ ಗೇಟು ದಾಟಿಸಿದ. ಗೇಟಿನ ಮೆಟ್ಟಿಲಿಂದ ಹಿಂಚಕ್ರ ಇಳಿದಾಗ ಸೀಟು ಕೆಳಗಿಂದ ಗುದ್ದಿದ ಹಾಗಾಗಿ, "ಅಯ್ಯಮ್ಮ!" ಎಂದು ಸೊಂಟ ಹಿಡಿದುಕೊಂಡ.

"ಅತ್ತಿಗೆ, ನಿನ್ನೆ ಈ ಗಾಡೀನ ಮನೆಗೆ ತರೋವಾಗ್ಲೇ ಕೇಳ್ಬೇಕು ಅಂದ್ಕೊಂಡೆ. ಅಣ್ಣ ಹಿಂದೆ ಯಾರನ್ನ ಕೂರಿಸ್ಕೊಂಡು ಓಡಾಡ್ತಿದ್ದ?"

"ಯಾರನ್ನ ಕೂರಿಸ್ಕೋತಾರೆ? ಯಾರೂ ಇಲ್ಲ."

"ಮತ್ತೆ ಸ್ಪ್ರಿಂಗು ಯಾಕೆ ಇಷ್ಟು ಬಿಗಿಯಾಗಿದೆ? ಹಿಂದೆ ಇನ್ನೊಬ್ರು ಕೂತ್ರೆ ಗಾಡಿ ಹಿಂದುಗಡೆ ಕುಸಿಯತ್ತೆ, ತಿರುವಲ್ಲಿ ಮಾತು ಕೇಳಲ್ಲ, ಹೊರಗೆ ಎಳೀತದೆ. ಅದಕ್ಕೆ ಸ್ಪ್ರಿಂಗು ಬಿಗಿ ಮಾಡೋದು. ಒಬ್ಬನೇ ಓಡಿಸೋನು ಹೀಗೆ ಇಟ್ಕೊಂಡ್ರೆ ಒಂದೊಂದು ಗುಂಡೀಲೂ ಬೆನ್ನು ಮುರಿಯತ್ತೆ. ಇದು ಯಾರನ್ನೋ ಖಾಯಂ ಕೂರಿಸ್ಕೊಳ್ಳೋ ಗಾಡಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಅವನಿಗೇ ಹೊಳೆದಿರಬೇಕು. ನಾಲಗೆ ಕಚ್ಚಿಕೊಂಡು, ವ್ಯಾನು ಎಲ್ಲಿಗೆ ಬಂತೋ ನೋಡ್ತೀನಿ ಎಂದು ಬೀದಿಗೆ ಹೋಗಿಬಿಟ್ಟ.

ಅವಳ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಬೆರಳುಗಳಲ್ಲಿ ಇನ್ನೂ ನೋವಿನ ಮುಲಾಮಿನ ವಾಸನೆ. ಎಷ್ಟು ವರ್ಷಗಳಿಂದ ಅವನ ಬೆನ್ನಿಗೆ ತಿಕ್ಕುತ್ತ ಬಂದಿದ್ದಳು! ಬಗ್ಗಿ ಬಗ್ಗಿ ಮೀಟರು ನೋಡುವುದರಿಂದ ಬಂದ ನೋವು ಎಂದೇ ಇಬ್ಬರೂ ನಂಬಿದ್ದರು. ಇಬ್ಬರೂ ಅಂತ ಅವಳು ಅಂದುಕೊಂಡಿದ್ದಳು, ಅಷ್ಟೆ.

"ಗಂಡಸರ ಬೆನ್ನುನೋವಿಗೆ ನೂರಾರು ಕಾರಣ ಇರ್ತವೆ ಬಿಡಮ್ಮ," ಎಂದಳು ಪಕ್ಕದಲ್ಲಿ ಕೂತಿದ್ದ ಎದುರುಮನೆಯ ಅಜ್ಜಿ. ಸಮಾಧಾನಕ್ಕೆ ಹೇಳಿದ್ದೋ ಚುಚ್ಚಿದ್ದೋ ಅಜ್ಜಿಯ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಹೊತ್ತೇರಿದಂತೆ ಜನ ಹೆಚ್ಚಾದರು. ಕಚೇರಿಯವರು ಹಾರ ತಂದರು. ಅದು ಎಷ್ಟು ದೊಡ್ಡದಿತ್ತೆಂದರೆ ಮೀಟರಣ್ಣನ ಮುಖವೇ ಮುಚ್ಚಿಹೋಗಿ, ಬೇರೆ ಊರಿಂದ ಬೆಳಿಗ್ಗೆ ತಾನೆ ಬಂದಿಳಿದಿದ್ದ ಮಗಳು ಎದ್ದು ಅದನ್ನು ಎದೆಯ ಕೆಳಗೆ ಸರಿಸಬೇಕಾಯಿತು. ಆಗ ಟೀ ಅಂಗಡಿಯವನು ಬಂದ. ಊರಾಚೆಯ ದೊಡ್ಡ ತಿರುವಿನಲ್ಲಿ ಅವನ ಅಂಗಡಿ. ಸ್ಮಶಾನಕ್ಕೆ ಹೋಗುವ ದಾರಿಯೂ ಅದೇ. ಶವದ ಮುಂದೆ ತಲೆತಗ್ಗಿಸಿ ನಿಂತಿದ್ದು, ಆಮೇಲೆ ಮೀಟರಣ್ಣನ ಹೆಂಡತಿಯ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ.

"ಅಮ್ಮ, ನಂಬೋಕಾಗ್ತಿಲ್ಲಮ್ಮ. ಮೊನ್ನೆ ಭಾನುವಾರ ತಾನೆ ನಿಮ್ಮಿಬ್ರನ್ನೂ ನೋಡಿದೆ."

"ನಮ್ಮಿಬ್ರನ್ನಾ?"

"ಹೂನಮ್ಮ. ಭಾನುವಾರ ಬೆಳಿಗ್ಗೆ ನಿಮ್ಮ ಜೋಡಿ ತಿರುವಲ್ಲಿ ಹೋಗದಿದ್ರೆ ನಮ್ಮ ಅಂಗಡೀಲಿ ಬೆಳಗೇ ಆಗ್ತಿರ್ಲಿಲ್ಲ. ಸಾರ್ ಹೋಗೋರು, ತಿರುಗಿಸ್ಕೊಂಡು ಬರೋರು, ಮತ್ತೆ ಹೋಗೋರು. ಇಳಿದು ಒಂದು ಲೋಟ ಟೀ ಕುಡಿದು ಹೋಗಿ ಅಂತ ಎಷ್ಟು ಕೂಗಿದ್ರೂ ನೀವು ತಿರುಗಿ ಸಹ ನೋಡ್ತಿರ್ಲಿಲ್ಲ. ಅಮ್ಮಂಗೆ ಸ್ವಲ್ಪ ಗತ್ತು ಜಾಸ್ತಿ ಅಂತ ನಾವೆಲ್ಲ ಆಡ್ಕೋತಿದ್ವಿ. ಬೇಜಾರು ಮಾಡ್ಕೋಬೇಡಿ."

ಕೋಣೆಯಲ್ಲಿ ಅಳುತ್ತಿದ್ದವರು ಅಳು ನಿಲ್ಲಿಸಿದರು. ಅವಳು ಗಂಡನ ಬೈಕು ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಭಾನುವಾರವೆಂದರೆ ಅವಳ ಹೊಲಿಗೆ ಅಂಗಡಿಯಲ್ಲಿ ಉಸಿರಾಡಲೂ ಬಿಡುವಿಲ್ಲ. ರಜೆ ಇದ್ದವರೆಲ್ಲ ಅಳತೆ ಕೊಡಲು ಬರುವುದು ಆವತ್ತೇ.

"ಏನು ಹಾಕ್ಕೊಂಡಿದ್ಲು?" ಎಂದಳು. ಹೊಲಿಗೆಯವಳಲ್ಲವೆ, ಮೊದಲು ಬಾಯಿಗೆ ಬಂದ ಪ್ರಶ್ನೆ ಬಟ್ಟೆಯದೇ.

"ಯಾರಮ್ಮ?"

"ಅವಳು. ಹಿಂದೆ ಕೂತಿದ್ದೋಳು."

ಟೀ ಅಂಗಡಿಯವನು ಸುತ್ತ ನೋಡಿದ. ತಾನು ಕಾಲಿಟ್ಟದ್ದು ಎಂಥ ಕಡೆ ಎಂದು ಅವನಿಗೆ ಅರ್ಥವಾಗತೊಡಗಿತ್ತು. "ನೀಲಿ ರೇನ್‌ಕೋಟಮ್ಮ. ಟೋಪಿ ಮುಖದ ಮೇಲಿಂದ ಇಳಿಬಿಟ್ಟಿರೋದು. ಬಿಸಿಲಲ್ಲೂ ಅದೇ. ಸಾರ್‌ನ ಹಿಡ್ಕೊಳ್ತಾನೂ ಇರ್ಲಿಲ್ಲ, ಸುಮ್ಮನೆ ಒರಗಿ ಕೂತಿರೋರು…"

"ಮೊಣಕೈ ಹತ್ರ ತೇಪೆ ಇತ್ತಾ?"

"ಇತ್ತಮ್ಮ! ಬೇರೆ ಥರ ನೀಲಿ. ಅಲ್ಲ… ಅದು ನೀವೇ ಅಲ್ವಾ?"

*

ಆ ತೇಪೆ ಅವಳದೇ ಕೈಕೆಲಸ. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದ್ದು.

ಮೋಡ ಮುಚ್ಚಿದ ಒಂದು ಸಂಜೆ ಇಬ್ಬರೂ ಬೈಕಿನಲ್ಲಿ ಬರುತ್ತಿದ್ದರು. ಅವಳು ಹೊಸ ನೀಲಿ ರೇನ್‌ಕೋಟು ತೊಟ್ಟಿದ್ದಳು. ಮೀಟರಣ್ಣ ಹಿಂದಿನ ದಿನವಷ್ಟೇ, ಹೆಂಡತಿಗೆ ಕುಲುಕಾಟ ಆಗಬಾರದು ಎಂದು, ಮನೆಯ ಮುಂದೆ ಕುಕ್ಕರಿಸಿ ಕೂತು ಸ್ಪ್ರಿಂಗನ್ನು ತಾನೇ ತಿರುಗಿಸಿ ಏನೇನೋ ರಿಪೇರಿ ಮಾಡಿದ್ದ. ತುಂಬ ಖುಷಿಯಲ್ಲಿದ್ದ. ಹಾಡಿಕೊಳ್ಳುತ್ತಿದ್ದ ಸಹ. ಊರಾಚೆಯ ತಿರುವಿಗೆ ಬಂದಾಗ ಬೈಕು ಒಂದು ಸಲ ಸೊಂಟ ತಿರುಗಿಸಿದಂತೆ ತೂಗಿತು. ಅವಳು ಹೆದರಿ ಅವನ ಭುಜ ಹಿಡಿದು ಆಚೆ ಕಡೆಗೆ ವಾಲಿದಳು. ಆಮೇಲೆ ಆಕಾಶ, ರಸ್ತೆ, ಜಲ್ಲಿಕಲ್ಲು.

ದೊಡ್ಡ ಪೆಟ್ಟೇನೂ ಆಗಲಿಲ್ಲ. ಅವಳ ಮೊಣಕೈ ತರಚಿ ರೇನ್‌ಕೋಟು ಹರಿಯಿತು, ಅವನ ಮೊಣಕಾಲಿನ ಚರ್ಮ ಕಿತ್ತುಬಂತು. ಅವನು ಎದ್ದು, ಬೈಕನ್ನೂ ಎತ್ತದೆ, ರಸ್ತೆಯ ನಡುವೆ ನಿಂತು ಒಂದೇ ಒಂದು ಮಾತು ಕೇಳಿದ:

"ಯಾಕೆ ಆ ಕಡೆ ವಾಲಿದೆ ನೀನು?"

ಹೆದರಿಕೆಯಲ್ಲಿ ಬಂದ ಮಾತು ಅದು, ಬೈಗುಳವೂ ಅಲ್ಲ. ಆದರೆ ಕೆಲವು ಮಾತುಗಳು ಪೆಟ್ಟಿಗಿಂತ ಹೆಚ್ಚು ದಿನ ಉಳಿಯುತ್ತವೆ. ಗಂಡನನ್ನು ಬೀಳಿಸಿದವಳು ತಾನು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಆವತ್ತು ಮನೆಗೆ ಬಸ್ಸಿನಲ್ಲಿ ಬಂದಳು. ರೇನ್‌ಕೋಟಿಗೆ ತೇಪೆ ಹಾಕಿದಳು, ಮಡಚಿಟ್ಟಳು, ಮತ್ತೆ ತೊಡಲಿಲ್ಲ.

ಅವನೂ ಒತ್ತಾಯ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ, "ಗಾಡಿಗೆ ಗಾಳಿ ಹಾಕಿಸ್ಕೊಂಡು ಬರ್ತೀನಿ," ಎಂದು ಹೋಗುವನು. ಮಧ್ಯಾಹ್ನದ ಹೊತ್ತಿಗೆ ಬರುವನು. "ಗಾಳಿ ಅಲ್ಲೇ ತಯಾರು ಮಾಡಿ ತುಂಬ್ತಾರೇನ್ರೀ?" ಎಂದು ಅವಳು ಅಂಗಡಿಯಿಂದ ಬಂದು ತಮಾಷೆ ಮಾಡುವಳು. ಅವನು ಕೈಕಾಲು ತೊಳೆಯುತ್ತ, ಅವಳ ಮುಖ ನೋಡದೆ, "ಗಾಡಿ ಈಗ ಸರಿಯಾಗಿದೆ. ಬರ್ತೀಯಾ, ಒಂದು ಸುತ್ತು?" ಎನ್ನುವನು.

"ಬಸ್ಸಿದೆಯಲ್ಲ," ಎನ್ನುವಳು ಅವಳು.

ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಊಟಕ್ಕೆ ಬನ್ನಿ ಎಂದು ಕರೆದಷ್ಟೇ ಮಾಮೂಲಾಗಿ ಹೋಗಿತ್ತು.

*

ವ್ಯಾನು ಬಂದು ಗೇಟಿನ ಮುಂದೆ ನಿಂತಿತು. ನಾಲ್ವರು ಸೇರಿ ಶವ ಎತ್ತಲು ಬಗ್ಗಿದರು.

"ನಿಲ್ಲಿ," ಎಂದಳು ಅವಳು. "ಯಾರೂ ಮುಟ್ಟಬೇಡಿ."

"ಅಮ್ಮಾ, ಹೊತ್ತಾಯ್ತು," ಎಂದಳು ಮಗಳು.

"ಆಗ್ಲಿ. ಅವಳು ಯಾರು ಅಂತ ಗೊತ್ತಾಗೋವರೆಗೂ ನಾನು ಇಲ್ಲಿಂದ ಕದಲಲ್ಲ. ಇವರ ಜೊತೆ ನಾನು ಹೋಗ್ಬೇಕೋ ಅವಳು ಹೋಗ್ಬೇಕೋ, ಅದು ಮೊದಲು ತೀರ್ಮಾನ ಆಗ್ಲಿ."

"ಅಮ್ಮ, ಈಗ ಅದೆಲ್ಲ ಬೇಕಾ? ಅಪ್ಪ ಅಂಥವರಲ್ಲ."

"ಅಂಥವರಲ್ಲ ಅಂತ ನಾನೂ ಅಂದ್ಕೊಂಡಿದ್ದೆ ಕಣೇ. ಬೇರೆ ಏನಾದ್ರೂ ಆಗಿದ್ರೆ ಸಹಿಸ್ಕೋತಿದ್ದೆ. ನನ್ನ ರೇನ್‌ಕೋಟು ಕೊಟ್ಟಿದ್ದಾರೆ! ನಾನು ಬಿದ್ದ ರೇನ್‌ಕೋಟು!"

ಟೀ ಅಂಗಡಿಯವನು, ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಗೊಣಗುತ್ತ ಮೆಲ್ಲಗೆ ಜಾರಿಕೊಂಡ. ಕಚೇರಿಯವರು ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮೈದುನ ಬೀದಿಯಲ್ಲಿ ವ್ಯಾನಿನ ಡ್ರೈವರಿಗೆ, ಐದೇ ನಿಮಿಷ, ಮನೇಲಿ ಸ್ವಲ್ಪ ಗೊಂದಲ, ಎಂದು ಹೇಳುತ್ತಿದ್ದ. ಗೊಂದಲ ಎಂದರೆ ಗೊಂದಲವೇ. ಅವಳಿಗೆ ಸಿಟ್ಟು ಮಾಡಿಕೊಳ್ಳಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟಿನಿಂದ ಅವನ ಕಡೆ ನೋಡಿದರೆ, ಮಗು ಮಲಗಿದ ಹಾಗೆ ಬಾಯಿ ಸ್ವಲ್ಪ ತೆರೆದು ಮಲಗಿದ್ದಾನೆ. ಅಯ್ಯೋ ಎಂದು ಅಳು ಬರುತ್ತದೆ. ಅಳುತ್ತ ಕೂತರೆ, ಇವನು ಭಾನುವಾರ ಅವಳನ್ನು ಎಲ್ಲಿಂದ ಹತ್ತಿಸಿಕೊಳ್ಳುತ್ತಿದ್ದ, ಎಲ್ಲಿ ಇಳಿಸುತ್ತಿದ್ದ ಎಂದು ತಲೆ ಓಡುತ್ತದೆ. ಯಾರನ್ನು ಕೇಳುವುದು? ಹೇಳಬೇಕಾದವನೇ ಕಣ್ಣು ಮುಚ್ಚಿಕೊಂಡಿದ್ದಾನೆ.

ಎದ್ದು ಬೀರು ತೆಗೆದಳು. ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಎಳೆದು ಹಾಕಿದಳು. ಮಂಚದ ಕೆಳಗೆ ನೋಡಿದಳು. ರೇನ್‌ಕೋಟು ಇರಲಿಲ್ಲ. ಹಳೇ ಸಾಮಾನಿನವನಿಗೆ ಹೋಗಿರಬೇಕು ಎಂದು ಇಷ್ಟು ದಿನ ನಂಬಿದ್ದ ತನ್ನ ಪೆದ್ದತನ ನೆನೆದು ಮೈ ಉರಿಯಿತು. ಉಳಿದದ್ದು ಹಿತ್ತಲಿನ ತಗಡಿನ ಶೆಡ್ಡು. ಅದರೊಳಗೆ ಅವನ ಹಳೇ ಟಯರು, ಎಣ್ಣೆ ಡಬ್ಬಿ, ಮುರಿದ ಮೀಟರುಗಳು. ಅಲ್ಲಿ ಕಾಲಿಟ್ಟರೆ ಸೀರೆಗೆ ಗ್ರೀಸು ಹತ್ತುತ್ತದೆಂದು ಅವಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು.

ಚಿಲಕ ತೆಗೆದು ಬಾಗಿಲು ತಳ್ಳಿದಳು.

ಒಳಗೆ ಸ್ಟೂಲಿನ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ನೀಲಿ ರೇನ್‌ಕೋಟು ತೊಟ್ಟು ಅವಳು ಕೂತಿದ್ದಳು.

ಮೀಟರಣ್ಣನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೊರಗೆ ಇಷ್ಟು ಜನ ಅಳುತ್ತಿದ್ದಾರೆ, ಇವಳು ಬೆಳಗಿನಿಂದ ಇಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಾಳೆ!

"ಯಾರೇ ನೀನು?" ಎಂದಳು. "ಏಳು ಮೇಲೆ. ಮುಖ ತೋರ್ಸು."

ಅವಳು ಏಳಲಿಲ್ಲ. ತಿರುಗಿಯೂ ನೋಡಲಿಲ್ಲ. ಟೀ ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಗತ್ತು ಬಹಳ. ಎರಡು ಹೆಜ್ಜೆ ಮುಂದೆ ಹೋಗಿ ಭುಜಕ್ಕೆ ಕೈಹಾಕಿ ಎಳೆದಳು. ಭುಜ ಕೈಯೊಳಗೆ ಕುಸಿಯಿತು. ಟೋಪಿ ಹಿಂದಕ್ಕೆ ಬಿತ್ತು. ಹುರಿಯಿಂದ ಬಿಗಿಯಾಗಿ ಕಟ್ಟಿದ ಗೋಣಿಚೀಲದ ಬಾಯಿ, ಅದರ ಬುಡದಿಂದ ಸಣ್ಣಗೆ ಸುರಿಯುತ್ತಿದ್ದ ಮರಳು.

ಅವಳು ನೆಲದ ಮೇಲೆ ಕೂತಳು. ಚೀಲವನ್ನು ನೋಡಿದಳು. ಚೀಲವೂ ಅವಳನ್ನು ನೋಡುತ್ತಿದ್ದ ಹಾಗಿತ್ತು. ಹೆಂಗಸು ಸಿಕ್ಕಿದ್ದರೆ ಜುಟ್ಟು ಹಿಡಿಯಬಹುದಿತ್ತು, ಇದನ್ನು ಏನು ಮಾಡುವುದು?

*

ಮೀಟರು ಕಂಡರೆ ಓದದೆ ಬಿಡುವ ಮನುಷ್ಯನಲ್ಲ ಅವನು. ಪೆಟ್ರೋಲ್ ಬಂಕಿನಲ್ಲಿ, ತರಕಾರಿ ತಕ್ಕಡಿಯ ಮುಂದೆ, ಯಾರದೋ ಮನೆಯ ಗಡಿಯಾರದ ಮುಂದೆ, ಎಲ್ಲಿ ಮುಳ್ಳು ಅಲುಗುತ್ತದೋ ಅಲ್ಲಿ ಅವನ ಕತ್ತು ಬಾಗುತ್ತಿತ್ತು.

ಅವಳಿಗೆ ರಕ್ತದೊತ್ತಡ ಶುರುವಾದ ಮೇಲೆ ಕ್ಲಿನಿಕ್ಕಿಗೆ ಆಗಾಗ ಹೋಗಬೇಕಾಗುತ್ತಿತ್ತು. ಅವಳು ಬಸ್ಸಿನಲ್ಲಿ ಹೋಗಿ ಇಳಿಯುವ ಹೊತ್ತಿಗೆ ಅವನು ಬೈಕು ನಿಲ್ಲಿಸಿ ಬಾಗಿಲಲ್ಲಿ ಕಾಯುತ್ತಿರುತ್ತಿದ್ದ. ನರ್ಸು ತೂಕ ನೋಡಲು ಕರೆದರೆ ಅವಳಿಗಿಂತ ಮೊದಲು ಅವನೇ ತೂಕದ ಯಂತ್ರದ ಹತ್ತಿರ ಹಾಜರು.

"ನೀವ್ಯಾಕ್ರೀ ಬಗ್ತೀರಿ? ಆ ಕಡೆ ತಿರುಗಿ," ಎಂದು ಅವಳು ನಾಚಿಕೆಯಿಂದ ಗದರುವಳು.

"ಸುಮ್ನೆ. ಅಭ್ಯಾಸ," ಎನ್ನುವನು. ಆದರೆ ತುಟಿ ಅಲುಗುತ್ತಿರುತ್ತಿತ್ತು. ಅಂಕಿ ಮರೆಯದಿರಲೆಂದು ಮತ್ತೆ ಮತ್ತೆ ಹೇಳಿಕೊಳ್ಳುವಾಗ ಅವನ ತುಟಿ ಹಾಗೆ ಅಲುಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತನ್ನ ತೂಕ ಇವನಿಗೆ ಯಾಕೆ ಎಂದು ಮಾತ್ರ ಗೊತ್ತಿರಲಿಲ್ಲ. ದಪ್ಪಗಾಗಿದ್ದೇನೆ ಎಂದು ಮನಸ್ಸಿನಲ್ಲೇ ನಗುತ್ತಾನೆ ಎಂದುಕೊಂಡು ಅವತ್ತೆಲ್ಲ ಮುಖ ಊದಿಸಿಕೊಂಡಿರುತ್ತಿದ್ದಳು.

*

ಶೆಡ್ಡಿನ ಬಾಗಿಲಲ್ಲಿ ಮಗಳು, ಮೈದುನ, ಅವರ ಹಿಂದೆ ಗ್ಯಾರೇಜಿನವನು. ಅವನು ಸುದ್ದಿ ತಡವಾಗಿ ತಿಳಿದು ಈಗಷ್ಟೇ ಓಡಿಬಂದಿದ್ದ. ಮೀಟರಣ್ಣನ ಬೈಕನ್ನು ಹೊಸದಿದ್ದಾಗಿನಿಂದ ನೋಡಿಕೊಂಡವನು. ಚೀಲವನ್ನು ನೋಡಿದ್ದೇ, "ಅಯ್ಯೋ ದೇವ್ರೇ! ನಿಜವಾಗ್ಲೂ ಮಾಡೇಬಿಟ್ರಾ!" ಎಂದು ಹಣೆ ಚಚ್ಚಿಕೊಂಡ.

"ನಿನಗೆ ಗೊತ್ತಿತ್ತಾ?" ಅವಳು ಕೂತಲ್ಲಿಂದಲೇ ಕೇಳಿದಳು.

"ಅಕ್ಕ, ನಾನು ತಮಾಷೆಗೆ ಹೇಳಿದ್ದು. ಅಣ್ಣ ಬಂದು, ಇವಳು ಕೂತ್ರೂ ತಿರುವಲ್ಲಿ ಗಾಡಿ ಅಲ್ಲಾಡಬಾರ್ದು, ಹಾಗೆ ಸೆಟ್ ಮಾಡು ಅಂದ್ರು. ಮಾಡೋಣ, ಅಕ್ಕನ್ನ ಕರ್ಕೊಂಡು ಬನ್ನಿ, ಹಿಂದೆ ಕೂರ್ಲಿ, ಕೂತ್ರೆ ಹಿಂದುಗಡೆ ಎಷ್ಟು ಇಳಿಯತ್ತೆ ಅಂತ ನೋಡಿ ಸ್ಪ್ರಿಂಗು ತಿರುಗಿಸಬೇಕು ಅಂದೆ. ಅವಳು ಕೂರಲ್ಲ ಅಂದ್ರು. ಕೂರದೆ ಇರೋರಿಗೆ ಯಾಕಣ್ಣ ಸೆಟ್ಟಿಂಗು ಅಂದೆ. ಸರಿಯಾಗಿದ್ರೆ ಕೂರ್ತಾಳೆ ಅಂದ್ರು. ನಾನು ನಗ್ತಾ, ಹಾಗಾದ್ರೆ ಅಕ್ಕನಷ್ಟೇ ತೂಕದ ಮೂಟೆ ಕಟ್ಕೊಂಡು ಓಡಿಸಿ ನೋಡಿ ಅಂದೆ. ಅಷ್ಟೇ ನಾನು ಅಂದಿದ್ದು."

"ರೇನ್‌ಕೋಟು ಯಾಕೆ?" ಮೈದುನ ಕೇಳಿದ.

ಗ್ಯಾರೇಜಿನವನು ಬಗ್ಗಿ ನೆಲದ ಮೇಲಿನ ಮರಳನ್ನು ಬೆರಳಿಂದ ಮುಟ್ಟಿದ. "ಇದು ಸುರಿದು ಚೈನಿಗೆ ಸೇರ್ಕೊಂಡ್ರೆ ಚೈನು ಸವೆದುಹೋಗತ್ತೆ. ಒಂದು ಸಲ ಮರಳು ತುಂಬಿದ ಚೈನು ತಗೊಂಡು ಬಂದಿದ್ರು. ಎಲ್ಲಿ ಹೊರಳಾಡಿದ್ರಣ್ಣ ಅಂತ ಕೇಳಿದ್ದೆ. ಏನೂ ಹೇಳ್ಲಿಲ್ಲ."

ಅವಳು ರೇನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ದೊಡ್ಡ ಚೀಲದ ಸುತ್ತ ಹಗ್ಗದಲ್ಲಿ ಮರಳು ತುಂಬಿದ ಸಣ್ಣ ಸಣ್ಣ ಬಟ್ಟೆಯ ಚೀಲಗಳನ್ನು ಕಟ್ಟಲಾಗಿತ್ತು. ಎಲ್ಲವೂ ಅವಳ ಅಂಗಡಿಯ ತುಂಡು ಬಟ್ಟೆ. ಇದು ಯಾರದೋ ಮದುವೆಗೆ ಹೊಲಿದ ರವಿಕೆಯದು, ಇದು ಶಾಲೆಯ ಸಮವಸ್ತ್ರದ್ದು. ಅವಳದೇ ದಾರ, ಅವಳದೇ ಸೂಜಿ, ಹೊಲಿಗೆ ಮಾತ್ರ ಅವನದು. ಒಂದೊಂದು ಹೊಲಿಗೆ ಒಂದೊಂದು ಊರಿಗೆ ಹೊರಟಿತ್ತು. ಕೆಲವು ಚೀಲ ಹಳೆಯದಾಗಿ ಬಣ್ಣ ಹೋಗಿದ್ದವು, ಒಂದು ಹೊಚ್ಚ ಹೊಸದು. ಕ್ಲಿನಿಕ್ಕಿನಿಂದ ಬಂದು ಅವಳು ಮುಖ ಊದಿಸಿಕೊಂಡು ಕೂತಿದ್ದ ಸಂಜೆಗಳಲ್ಲಿ ಅವನು ಇಲ್ಲಿ ಕೂತು ಬೆರಳಿಗೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ.

ಅವಳು ಚೀಲವನ್ನು ತಬ್ಬಿ ಎತ್ತಲು ನೋಡಿದಳು. ಅದು ಸ್ಟೂಲು ಬಿಟ್ಟು ಏಳಲಿಲ್ಲ.

"ನಾನು ಇಷ್ಟು ಭಾರ ಇದ್ದೀನೇನೇ?" ಎಂದು ಮಗಳನ್ನು ಕೇಳಿದಳು.

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೂ ಗೊತ್ತಿರಲಿಲ್ಲ. "ಅಪ್ಪ ಅಳತೆ ತಪ್ಪಲ್ಲಮ್ಮ," ಎಂದಳು.

"ಅಕ್ಕ, ಬಿದ್ದ ದಿನದ ವಿಷಯ ನಿಮಗೆ ಹೇಳಿದ್ರಾ ಅಣ್ಣ?" ಗ್ಯಾರೇಜಿನವನು ದನಿ ತಗ್ಗಿಸಿ ಕೇಳಿದ.

"ಯಾವ ವಿಷಯ?"

"ಹಿಂದೆ ಎರಡೂ ಕಡೆ ಒಂದೊಂದು ಸ್ಪ್ರಿಂಗಿರತ್ತೆ. ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಇರತ್ತೆ. ತಿರುಗಿಸಿದ್ರೆ ಎರಡೂ ಕಡೆ ಒಂದೇ ಮೆಟ್ಟಿಲಿಗೆ ತಿರುಗಿಸಬೇಕು. ಅಣ್ಣ ತಾವೇ ಮಾಡೋಕೆ ಹೋಗಿ ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಕೂರಿಸಿದ್ರು. ಅದಕ್ಕೇ ತಿರುವಲ್ಲಿ ಗಾಡಿ ತೂಗಿದ್ದು. ಆಮೇಲೆ ನನ್ನ ಹತ್ರ ತಂದಾಗ ತೋರಿಸ್ದೆ. ಮುಖ ಬಿಳಿಚ್ಕೊಳ್ತು. ಅವಳು ವಾಲಿದ್ಲು ಅಂದುಬಿಟ್ನಲ್ಲೋ ಅಂದ್ರು. ಮನೇಲಿ ಹೇಳಿಬಿಡಿ ಅಂದೆ. ಹೇಳ್ತೀನಿ ಹೇಳ್ತೀನಿ ಅಂದ್ರು."

"ಹೇಳ್ಲಿಲ್ಲ," ಎಂದಳು ಅವಳು.

"ಇಷ್ಟು ವರ್ಷ?"

"ಗಾಡಿ ಸರಿಯಾಗಿದೆ ಅಂದ್ರು. ಅಷ್ಟೇ ಹೇಳ್ತಿದ್ರು."

ಗ್ಯಾರೇಜಿನವನು ಬೆರಳಿನ ಮರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಒಂದು ಮಾತ್ರ ನನಗೂ ಅರ್ಥ ಆಗಲ್ಲ ಅಕ್ಕ. ಇದು ಒಂದು ಬೆಳಗಿನ ಕೆಲಸ. ತೂಕ ಏರಿದಾಗ ಇನ್ನೊಂದು ಸಲ ನೋಡ್ಬೇಕು, ಸರಿ. ಅದನ್ನ ಭಾನುವಾರ ಭಾನುವಾರ ಯಾಕೆ ಮಾಡ್ತಿದ್ರು? ಗಾಡಿ ಎಂದೋ ಸರಿಯಾಗಿತ್ತು."

ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಮನುಷ್ಯ. ಒಂದು ಮೂಟೆ ಮರಳನ್ನು ಹಿಂದೆ ಕೂರಿಸಿಕೊಂಡು ತಿರುವಿನಿಂದ ತಿರುವಿಗೆ ಓಡಾಡುವಾಗ ಅವನ ತಲೆಯಲ್ಲಿ ಏನಿತ್ತೋ ಅವಳಿಗೆ ತಲೆಬುಡ ತಿಳಿಯಲಿಲ್ಲ. ಅದರ ಜೊತೆ ಮಾತಾಡುತ್ತಿದ್ದನೋ, ಹಾಡುತ್ತಿದ್ದನೋ. ಹೇಳಬೇಕಾದದ್ದನ್ನೆಲ್ಲ ಆ ಗೋಣಿಚೀಲಕ್ಕೆ ಹೇಳಿ ಮುಗಿಸಿ, ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದನೋ. ಒಂದು ಸಲ, ಒಂದೇ ಒಂದು ಸಲ ತಾನು ಬಸ್ಸಿದೆ ಅನ್ನದೆ ಹೂಂ ಅಂದಿದ್ದರೆ ಎಂದುಕೊಂಡಳು. ಅದರ ಹಿಂದೆಯೇ ಸಿಟ್ಟೂ ಬಂತು. ನನ್ನದೇ ತಪ್ಪು ಕಣೇ ಎನ್ನಲು ಬಾಯಿಗೇನಾಗಿತ್ತು ಈ ಮನುಷ್ಯನಿಗೆ?

ಬೀದಿಯಲ್ಲಿ ವ್ಯಾನಿನವನು ಹಾರ್ನು ಹೊಡೆದ.

ಅವಳು ಚೀಲದಿಂದ ರೇನ್‌ಕೋಟನ್ನು ಪೂರ್ತಿ ಬಿಡಿಸಿ ಕೊಡವಿದಳು. ಮರಳು ಉದುರಿತು. ತೋಳು ಹಾಕಿಕೊಂಡಳು. ಹೊರಗೆ ಚುರುಗುಟ್ಟುವ ಬಿಸಿಲು. ಗುಂಡಿ ಹಾಕಲು ಹೋದರೆ ಹೊಟ್ಟೆಯ ಹತ್ತಿರ ಬಿಗಿಯಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿ, ಬಟ್ಟೆ ಸೇರಿಸಿ ಅಗಲ ಮಾಡಲಾಗಿತ್ತು. ಅದೂ ಸೊಟ್ಟ ಹೊಲಿಗೆ.

"ಎತ್ತಿ," ಎಂದಳು ಒಳಗೆ ಬಂದು. "ಕರ್ಕೊಂಡು ಹೋಗಿ."

ಶವ ವ್ಯಾನಿಗೇರಿತು. ಮಗಳು ಅದರ ಪಕ್ಕ ಕೂತಳು. ಎದುರುಮನೆಯ ಅಜ್ಜಿ ರೇನ್‌ಕೋಟನ್ನು ಮೇಲಿಂದ ಕೆಳಗೆ ನೋಡಿ, ದುಃಖದಲ್ಲಿ ತಲೆ ಕೆಟ್ಟಿದೆ ಪಾಪ, ಎಂದು ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಅತ್ತಿಗೆ, ಬನ್ನಿ, ವ್ಯಾನಲ್ಲಿ ಜಾಗ ಇದೆ," ಎಂದ ಮೈದುನ.

"ಬೈಕು ತೆಗಿ."

"ಅತ್ತಿಗೆ…"

"ನಿಮ್ಮಣ್ಣ ನಂಗೇ ಅಂತ ಮಾಡಿಟ್ಟಿರೋದು. ತೆಗಿ ಅಂದೆ."

ಮೈದುನ ಗಾಡಿ ಸ್ಟಾರ್ಟ್ ಮಾಡಿದ. ಹಿಂದೆ ಕಾಲಿಡುವ ಫುಟ್‌ರೆಸ್ಟು ಮಡಚಿಕೊಂಡಿತ್ತು. ಅವಳು ಚಪ್ಪಲಿಯ ತುದಿಯಿಂದ ಒತ್ತಿದರೆ ಇಳಿಯಲಿಲ್ಲ. ಕೈಯಿಂದಲೇ ಎಳೆದು ಬಿಡಿಸಬೇಕಾಯಿತು. ಚೀಲಕ್ಕೆ ಕಾಲಿರಲಿಲ್ಲವಲ್ಲ. ರಬ್ಬರಿನ ಮೇಲಿನ ಗೀರುಗಳು ಇನ್ನೂ ಹೊಸದರಂತೆ ಇದ್ದವು. ಹತ್ತಿ ಕೂತಳು. ಸೀಟು ಒಂದು ಚೂರೇ ಇಳಿದು, ಸರಿಯಾದ ಜಾಗ ಸಿಕ್ಕಿದ ಹಾಗೆ ನಿಂತಿತು.

"ಈಗ ನೋಡಿ, ನನಗೂ ಸೊಂಟ ಹೊಡೀತಿಲ್ಲ," ಎಂದ ಮೈದುನ ಆಶ್ಚರ್ಯದಿಂದ. ಅವಳು ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಳು.

ವ್ಯಾನು ಮುಂದೆ, ಬೈಕು ಹಿಂದೆ. ಮನೆಗಳು ಮುಗಿದವು. ದೊಡ್ಡ ತಿರುವು ಬಂತು. ಮೈದುನ ವೇಗ ಇಳಿಸಿದ. ಅವನ ಭುಜ ಬಿಗಿಯಾದದ್ದು ಅವಳಿಗೆ ಕಂಡಿತು. ಬೈಕು ವಾಲಿತು. ಅವಳ ಮೈಯೆಲ್ಲ ಆಚೆ ಕಡೆಗೆ ಎಳೆಯಿತು. ಕೈ ಅವನ ಭುಜದವರೆಗೂ ಹೋಯಿತು. ಅವಳು ಕೈಯನ್ನು ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮರಳಿನ ಚೀಲ ಕೂತ ಹಾಗೆ ಕೂತಳು. ಬೈಕು ಎಲ್ಲೂ ತೂಗಲಿಲ್ಲ. ರಸ್ತೆ ಹೇಗೆ ಬಾಗಿತೋ ಹಾಗೇ ಬಾಗಿ ಹೋಯಿತು. ಅವಳು ಅಳುತ್ತಿದ್ದಳು.

ತಿರುವಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದವರು ವ್ಯಾನು ಕಂಡು ಎದ್ದು ನಿಂತಿದ್ದರು. ವ್ಯಾನು ದಾಟಿತು. ಅದರ ಹಿಂದೆ ಮೀಟರಣ್ಣನ ಬೈಕು, ಬೈಕಿನ ಹಿಂದಿನ ಸೀಟಿನಲ್ಲಿ ನೀಲಿ ರೇನ್‌ಕೋಟು. ಟೀ ಅಂಗಡಿಯವನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ನೀಲಿ ರೇನ್‌ಕೋಟಿನವಳು ಟೋಪಿ ಸರಿಸಿ, ತಲೆ ತಿರುಗಿಸಿ ಅವರೆಲ್ಲರ ಕಡೆಗೆ ನೋಡಿದಳು.